ಪೆಟ್ಟಿಗೆ ಐದು, ದನಿ ಎರಡೇ!

ಪ್ರಶ್ನೆ: ಗೇಮಿಂಗ್ ಕಂಪ್ಯೂಟರಿಗೆ ಮನೆಯಲ್ಲಿದ್ದ 5.1 ಹೋಂ ಥಿಯೇಟರ್ ಜೋಡಿಸಿದ್ದೇನೆ. ಹಸಿರು ಜಾಕಿನಿಂದ ಹೊರಟ ವೈರು ಆಕ್ಸ್‌ನ ಕೆಂಪು-ಬಿಳಿ ಪಿನ್ನಿಗೆ ಹೋಗಿದೆ. ಐದೂ ಸ್ಪೀಕರ್ ಕೇಳುತ್ತವೆ. ಆದರೆ ಆಟದಲ್ಲಿ ಬೆನ್ನ ಹಿಂದೆ ಬರುವವನ ಹೆಜ್ಜೆ ಸಪ್ಪಳ ಮುಂದಿನಿಂದಲೂ ಬರುತ್ತದೆ. ಒಳ್ಳೆಯ ಸೌಂಡ್ ಕಾರ್ಡ್ ತರಲೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಹೋಂ ಥಿಯೇಟರನ್ನು ತಿರುಗಿಸಿ ಅದರ ಬೆನ್ನು ನೋಡಿ. 5.1 ಎಂದರೆ ಐದು ಸ್ಪೀಕರ್, ಜತೆಗೊಂದು ಸಬ್‌ವೂಫರ್ (ಗುಡುಗಿನಂಥ ದಪ್ಪ ದನಿಯ ಪೆಟ್ಟಿಗೆ), ಒಟ್ಟು ಆರು ಚಾನೆಲ್, ಅಂದರೆ ಆರು ಬೇರೆ ಬೇರೆ ಸದ್ದಿನ ದಾರಿ. ಕೆಂಪು-ಬಿಳಿ ವೈರಿನಲ್ಲಿ ಹೋಗುವುದು ಎಡ, ಬಲ ಎರಡೇ ಚಾನೆಲ್. ಆಂಪ್ಲಿಫೈಯರ್ ಅದನ್ನೇ ಉಳಿದ ಸ್ಪೀಕರುಗಳಿಗೂ ಹಂಚುತ್ತದೆ. ಕೋಣೆ ತುಂಬ ಸದ್ದು, ದಿಕ್ಕು ಮಾತ್ರ ಇಲ್ಲ. ಹಿಂದೆ ‘5.1 ಇನ್‌ಪುಟ್’ ಎಂದು ಆರು ಆರ್‌ಸಿಎ (ಆ ಕೆಂಪು-ಬಿಳಿ ಪಿನ್ ಕೂರುವಂಥ) ತೂತುಗಳಿದ್ದರೆ, 3.5 ಎಂ.ಎಂ. ಪಿನ್ನಿನಿಂದ ಎರಡು ಆರ್‌ಸಿಎಗೆ ಒಡೆಯುವ ವೈರು ಮೂರು ತನ್ನಿ, ಸಾಕು. ಬರೀ ಆಕ್ಸ್, ಬ್ಲೂಟೂತ್, ಪೆನ್‌ಡ್ರೈವ್ ಹಾಕುವ ಸೆಟ್ಟಾದರೆ ಯಾವ ಕಾರ್ಡೂ ಅದನ್ನು ಉದ್ಧಾರ ಮಾಡದು, ಸೆಟ್ಟನ್ನೇ ಬದಲಿಸಬೇಕು.

ಮದರ್‌ಬೋರ್ಡಿನಲ್ಲಿ ಐದು ಜಾಕ್ ಇದ್ದರೆ ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರಿಗೆ. ಮೂರೇ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ: ರಿಯಲ್‌ಟೆಕ್ (ಮದರ್‌ಬೋರ್ಡಿನ ಸೌಂಡ್ ಚಿಪ್ಪಿನ) ಸಾಫ್ಟ್‌ವೇರಿನಲ್ಲಿ ನೀಲಿಯನ್ನು ಹಿಂದಿನ ಸ್ಪೀಕರ್, ಗುಲಾಬಿಯನ್ನು ಸೆಂಟರ್-ಸಬ್ ಎಂದು ಬದಲಿಸಿ. ಮೈಕನ್ನು ಕ್ಯಾಬಿನೆಟ್ಟಿನ ಮುಂಭಾಗದ ಜಾಕಿಗೆ ಹಾಕಿ. ಬಳಿಕ ಕಂಟ್ರೋಲ್ ಪ್ಯಾನೆಲ್, ಸೌಂಡ್, ಪ್ಲೇಬ್ಯಾಕ್, ಕಾನ್ಫಿಗರ್ ಎಂದು ಒಳಹೊಕ್ಕು 5.1 ಆರಿಸಿ, ಟೆಸ್ಟ್ ಒತ್ತಿ. ಒಂದೊಂದೇ ಸ್ಪೀಕರ್ ದನಿ ಕೊಡಬೇಕು. ಸೆಂಟರಿನ ಸರದಿಯಲ್ಲಿ ಸಬ್ ಗುಂಯ್ ಎಂದರೆ ಆ ವೈರಿನ ಕೆಂಪು-ಬಿಳಿ ಅದಲುಬದಲಾಗಿವೆ. ಆಟದೊಳಗಿನ ಆಡಿಯೊ ಸೆಟ್ಟಿಂಗಿನಲ್ಲಿ ‘ಹೆಡ್‌ಫೋನ್’ ಇದ್ದರೆ ಅದನ್ನೂ ಬದಲಿಸಿ. ಇದೊಂದು ಮರೆತು ವೈರೆಲ್ಲ ಕಿತ್ತು ಕೂಡುವವರುಂಟು.

ಮುಂದಿನ ಜೋಡಿ ಕೂತವರ ನೇರ ಮುಂದಿನ ದಿಕ್ಕಿನಿಂದ ಎಡಬಲಕ್ಕೆ 30 ಡಿಗ್ರಿಯಲ್ಲಿರಲಿ. ಹಿಂದಿನದು ಸುಮಾರು 110 ಡಿಗ್ರಿ, ಅಂದರೆ ಕಿವಿಯ ನೇರಕ್ಕಿಂತ ತುಸು ಹಿಂದೆ, ಕಿವಿಯ ಮಟ್ಟಕ್ಕಿಂತ ತುಸು ಮೇಲೆ. ದೂರದ ಗೋಡೆಯ ಮೂಲೆಯಲ್ಲಿ ಸೂರಿಗೆ ತಾಗಿಸಿ ಮೊಳೆ ಹೊಡೆಯಬೇಡಿ. ಟೈಲ್ಸ್ ಹಾಕಿದ ಖಾಲಿ ಕೋಣೆಯಲ್ಲಿ ಸದ್ದು ಪುಟಿದು ದಿಕ್ಕು ಕಲಸಿಹೋಗುತ್ತದೆ. ನವಲಗುಂದದ ಜಮಖಾನೆಯೊಂದನ್ನು ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ. ದುಬಾರಿ ಕೇಬಲ್ಲಿಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ರಿಸೀವರಿಗೆ (ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಕಂಪ್ಯೂಟರಿನಿಂದ ಆಪ್ಟಿಕಲ್ ವೈರು (ಸದ್ದನ್ನು ಬೆಳಕಾಗಿ ಒಯ್ಯುವಂಥದು) ಹಾಕಿದ್ದೇನೆ. ಸಿನಿಮಾ ಐದೂ ಕಡೆಯಿಂದ ಕೇಳುತ್ತದೆ, ಆಟ ಮಾತ್ರ ಎರಡೇ ಕಡೆಯಿಂದ. ಏಕೆ?
– ಓದುಗರು, ಗದಗ-ಬೆಟಗೇರಿ

ಉತ್ತರ: ಸಿನಿಮಾದ 5.1 ಮೊದಲೇ ಡಾಲ್ಬಿಯಲ್ಲಿ (ಸದ್ದನ್ನು ಒತ್ತಿ ಚಿಕ್ಕದಾಗಿಸುವ ವಿಧಾನ) ಕಟ್ಟಿಟ್ಟ ಗಂಟು. ಆಪ್ಟಿಕಲ್‌ನಲ್ಲಿ ಹಾಗೇ ಸಾಗುತ್ತದೆ. ಆಟದ ಸದ್ದು ಆಯಾ ಕ್ಷಣ ಹುಟ್ಟುವ, ಒತ್ತಿ ಕಟ್ಟದ ಪಿಸಿಎಂ. ಅದರ ಎರಡು ಚಾನೆಲ್ಲಿಗಷ್ಟೇ ಆಪ್ಟಿಕಲ್‌ನಲ್ಲಿ ಜಾಗ. ‘ಡಾಲ್ಬಿ ಡಿಜಿಟಲ್ ಲೈವ್’ ಅಥವಾ ‘ಡಿಟಿಎಸ್ ಕನೆಕ್ಟ್’ ಇರುವ ಸೌಂಡ್ ಕಾರ್ಡ್ ಅದನ್ನು ಆಗಿಂದಾಗ ಗಂಟು ಕಟ್ಟಿ ಕಳಿಸುತ್ತದೆ, ತುಸು ತಡವಾದೀತು. ರಿಸೀವರಿನಲ್ಲಿ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಗ್ರಾಫಿಕ್ಸ್ ಕಾರ್ಡಿನಿಂದ ನೇರ ಅಲ್ಲಿಗೇ ವೈರು ಎಳೆಯುವುದು ನಮ್ಮ ಆಯ್ಕೆ. ಮಾನಿಟರ್ ಡಿಸ್‌ಪ್ಲೇಪೋರ್ಟಿನಲ್ಲೇ ಇರಲಿ. ವಿಂಡೋಸ್‌ಗೆ ರಿಸೀವರ್ ಎರಡನೇ ಪರದೆಯಂತೆ ಕಾಣುತ್ತದೆ. ‘ಡೂಪ್ಲಿಕೇಟ್’ ಇಟ್ಟರೆ ರಿಫ್ರೆಶ್ ರೇಟ್ (ಪರದೆ ಚಿತ್ರ ಬದಲಿಸುವ ವೇಗ) ಇಳಿಯಬಹುದು, ‘ಎಕ್ಸ್‌ಟೆಂಡ್’ ಇಡಿ. ಆ ಇಲ್ಲದ ಪರದೆಯನ್ನು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಒಂದು ಮೂಲೆಗೆ ತಳ್ಳಿ, ಇಲ್ಲವಾದರೆ ಮೌಸ್ ಅತ್ತ ಜಾರಿ ಕಾಣೆಯಾಗುತ್ತದೆ.

ಪ್ರಶ್ನೆ: ಕಂಪ್ಯೂಟರ್ ಜೋಡಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದು.
– ಓದುಗರು, ರಾಣೆಬೆನ್ನೂರು

ಉತ್ತರ: ಕಂಪ್ಯೂಟರಿಗೆ ಹಾಕಿದ ಆಡಿಯೊ ಪಿನ್ ಕೀಳಿ. ಗುಂಯ್ ನಿಂತರೆ ಸಾಮಾನ್ಯವಾಗಿ ಗ್ರೌಂಡ್ ಲೂಪ್, ಅಂದರೆ ಎರಡು ಯಂತ್ರಗಳ ಅರ್ಥಿಂಗ್ ನಡುವೆ ವಿದ್ಯುತ್ ಸುತ್ತುವುದು. ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಕತ್ತರಿಸುವ ಉಪಾಯ ಯಾರು ಹೇಳಿದರೂ ಕೇಳಬೇಡಿ, ಶಾಕ್ ಹೊಡೆದೀತು. ಮೌಸ್ ಆಡಿಸಿದಾಗ, ಆಟ ಶುರುವಾದಾಗ ಕಿಂಯ್ ಎನ್ನುವ ಸಣ್ಣ ದನಿ ಏರಿಳಿದರೆ ಅದು ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಗದ್ದಲ. ಆಗ 5.1 ಔಟ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಬಹುದು.