ನಮ್ಮ ಉಚ್ಚಾರಣೆಯಲ್ಲಿ ಚೆಸ್ನಟ್ ಓದಬಹುದಾ?

ಚಾರ್ಲ್ಸ್ ಚೆಸ್ನಟ್ ಥರದ ಆಫ್ರಿಕನ್-ಅಮೆರಿಕನ್ ಲೇಖಕರ ಹಳೆಯ ಕಥೆಗಳನ್ನು, ಹಕ್ಕು ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಕೇಳಿಸುವ ತಾಣವಾದ ಲಿಬ್ರಿವಾಕ್ಸ್‌ಗೆ ಓದಿಕೊಡುವ ಆಸೆ, ಆದರೆ ನನ್ನ ಇಂಗ್ಲಿಷ್ ಕನ್ನಡದ ಥರಾ ಕೇಳಿಸುತ್ತೆ ಅಂದಿದ್ದೀರಿ. ಅದಕ್ಕೆ ಹಿಂಜರಿಯಬೇಡಿ, ಅಲ್ಲಿ ಯಾವ ಉಚ್ಚಾರಣೆಯಾದರೂ ನಡೆಯುತ್ತದೆ. ಮೊದಲು ಒಂದು ನಿಮಿಷದ ಟೆಸ್ಟ್ ಕಳಿಸಬೇಕು, ಅದರಲ್ಲಿ ನೋಡುವುದು ಸದ್ದಿನ ಮಟ್ಟ, ಗುಂಯ್ ಅನ್ನುವ ಹಿನ್ನೆಲೆ, ಇಂಥವನ್ನೇ. ಫ್ಯಾನ್ ಆರಿಸಿ, ಮೈಕನ್ನು ಬಾಯಿಯ ನೇರಕ್ಕಲ್ಲ, ಸ್ವಲ್ಪ ಪಕ್ಕಕ್ಕೆ ಇಡಿ. ಇಲ್ಲದಿದ್ದರೆ ಪ್ರತಿ 'ಪ'ಗೂ ಉಫ್ ಅಂತ ಊದಿದ ಹಾಗಾಗುತ್ತದೆ.

ನಿಜವಾದ ಕಷ್ಟ ಬೇರೆ. ಚಾರ್ಲ್ಸ್ ಚೆಸ್ನಟ್ 1899ರಲ್ಲಿ ತಂದ 'ದಿ ಕಾಂಜ್ಯೂರ್ ವುಮನ್' ಮೊದಲಿಗೇ ಬೇಡ. ಅದರಲ್ಲಿ ಜೂಲಿಯಸ್ ಅನ್ನೋ ಮುದುಕ ಹೇಳುವ ಕಥೆಗಳೆಲ್ಲ ಆಡುಮಾತಿನಲ್ಲಿವೆ, 'ದಿ' ಇರಬೇಕಾದಲ್ಲಿ 'ಡಿ' ಅಂತ ಅಚ್ಚಾಗಿದೆ, ಪುಟಗಟ್ಟಲೆ ಹಾಗೇ. ಬಲವಂತವಾಗಿ ನಟಿಸಿದರೆ ಅಣಕದ ಥರಾ ಕೇಳಿಸುತ್ತದೆ. ಬರೆದಿದ್ದನ್ನು ಬರೆದ ಹಾಗೆ, ನಿಧಾನವಾಗಿ, ನಿಮ್ಮ ದನಿಯಲ್ಲೇ ಓದಿ ಸಾಕು. ಬೈಗುಳದ ಪದ ಬಂದರೂ ಬದಲಿಸುವಂತಿಲ್ಲ, ಪಠ್ಯ ಇದ್ದ ಹಾಗೇ ಓದಬೇಕು. ಅದು ನಾಲಗೆಗೆ ಬರಲ್ಲ ಅನಿಸಿದರೆ ಆ ಅಧ್ಯಾಯ ಬಿಟ್ಟು ಬೇರೆಯದನ್ನು ತಗೊಳ್ಳಿ, ಯಾರೂ ಏನೂ ಅನ್ನಲ್ಲ.

ಆಫ್ರಿಕನ್-ಅಮೆರಿಕನ್ ಕವಯಿತ್ರಿ ಫ್ರಾನ್ಸಸ್ ಹಾರ್ಪರ್ ಅವರ ಕವಿತೆಗಳಿಂದ ಶುರು ಮಾಡಿ ಅಂತೀನಿ. ಚಿಕ್ಕವು, ಗಟ್ಟಿಯಾಗಿ ಓದೋಕೆ ಚೆನ್ನಾಗಿವೆ. ಹಾರ್ಪರ್ ತೀರಿಕೊಂಡಿದ್ದು 1911ರಲ್ಲಿ, ಚೆಸ್ನಟ್ 1932ರಲ್ಲಿ. ಭಾರತದಲ್ಲಿ ಕೃತಿಯ ಹಕ್ಕು ಇರುವುದು ಲೇಖಕರು ತೀರಿಕೊಂಡ ನಂತರ 60 ವರ್ಷ ತಾನೇ, ಹಾಗಾಗಿ ನಮ್ಮಲ್ಲಿ ಹಕ್ಕಿನ ತಕರಾರೂ ಇಲ್ಲ.