ಮೌಸ್ ಸರಿಯಿಲ್ಲ ಅಂತ ಹೇಳದೆ ಮೂರು ಗಂಟೆ ಕೂತ ಹುಡುಗ

ಎಂಜಿನಿಯರಿಂಗ್ ಪ್ರವೇಶಕ್ಕೆ ಕಂಪ್ಯೂಟರ್ ಮುಂದೆ ಕೂತು ಬರೆಯುವ ಜೆಇಇ ಮೇನ್ ಪರೀಕ್ಷೆಯ ಮೊದಲ ಸೆಷನ್ ಜನವರಿಯಲ್ಲಿ ಮುಗಿಯುತ್ತದೆ. ಫೆಬ್ರವರಿಯಲ್ಲಿ, ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಒಂದೇ ಥರದ ಮಕ್ಕಳು ಬರಲು ಶುರುವಾಗುತ್ತಾರೆ. ಓದಿನಲ್ಲಿ ಮುಂದಿರುವವರು, ಕಾಗದದ ಮೇಲೆ ಚೆನ್ನಾಗಿ ಬರೆಯುವವರು, ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಏನೋ ಆಗಿ ಬಂದಿರುವವರು. ಜೊತೆಗೆ ಬಂದ ದೊಡ್ಡವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ: "ಪರೀಕ್ಷೆ ಭಯ ಮೇಡಂ."

ಅಂಥ ಒಬ್ಬ ಹುಡುಗನ ವಿಷಯ ಇದು. ಅವನ, ಅವನ ತಂದೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಯಲುಸೀಮೆಯ ಹಳ್ಳಿ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ತಾಲ್ಲೂಕು ಕೇಂದ್ರದ ಪಿಯು ಕಾಲೇಜು. ಇಷ್ಟು ಸಾಕು. ಕಾಲೇಜಿನಲ್ಲಿ ಸಿಇಟಿಗಾಗಿ ನಡೆಸುತ್ತಿದ್ದ ಒಎಂಆರ್ (ಉತ್ತರದ ವೃತ್ತವನ್ನು ಹಾಳೆಯ ಮೇಲೆ ಪೆನ್ನಿನಿಂದ ತುಂಬುವ) ಅಭ್ಯಾಸ ಪರೀಕ್ಷೆಗಳಲ್ಲಿ ಯಾವಾಗಲೂ ಮೊದಲ ಐದರೊಳಗೆ ಇದ್ದವನು. ಜೆಇಇಯಲ್ಲಿ ಬಂದ ಅಂಕ ನೋಡಿ ಲೆಕ್ಚರರ್ ಒಬ್ಬರು ತಾವೇ ನನ್ನ ಹತ್ತಿರ ಕಳಿಸಿದ್ದರು.

ಮೊದಲ ಸಲ ಬಂದಾಗ ಅವನು ಹೆಚ್ಚು ಮಾತಾಡಲಿಲ್ಲ. ಅಪ್ಪನೇ ಎಲ್ಲ ಹೇಳಿದರು. ಧ್ಯಾನ ಕಲಿಸಿ, ಧೈರ್ಯ ತುಂಬಿ ಅಂದರು. ನನಗೆ ಒಂದು ವಿಷಯ ಹೊಂದುತ್ತಿರಲಿಲ್ಲ. ಪರೀಕ್ಷೆಗೇ ಹೆದರುವ ಹುಡುಗ ಒಎಂಆರ್ ಹಾಳೆ ಮುಂದೆಯೂ ಹೆದರಬೇಕಲ್ವಾ? ಹಾಗಾಗಿ ಮುಂದಿನ ಸಲ ಬರುವಾಗ ರೆಸ್ಪಾನ್ಸ್ ಶೀಟ್ ಪ್ರಿಂಟ್ ತೆಗೆಸಿಕೊಂಡು ಬಾ ಅಂದೆ. ಜೆಇಇ ನಡೆಸುವ ಸಂಸ್ಥೆ ಎನ್‌ಟಿಎಯ ವೆಬ್‌ಸೈಟ್‌ನಲ್ಲಿ ಕೀ ಉತ್ತರಗಳ ಜೊತೆಗೆ ಅದನ್ನೂ ಹಾಕುತ್ತಾರೆ, ಯಾವ ಪ್ರಶ್ನೆಗೆ ನೀವು ಏನು ಒತ್ತಿದಿರಿ, ಯಾವುದನ್ನು ಬಿಟ್ಟಿರಿ ಅಂತ ಅದರಲ್ಲಿ ಒಂದೊಂದಾಗಿ ಇರುತ್ತದೆ. ಅಂಕ ಮಾತ್ರ ನೋಡಿ ಬೈಯುವ ಪಾಲಕರು ಒಮ್ಮೆ ಇದನ್ನೂ ತೆರೆದು ನೋಡಲಿ ಅಂತ ನನ್ನ ಆಸೆ.

ಎರಡನೇ ಸಲ ಅಪ್ಪನನ್ನು ಹೊರಗೆ ಕೂರಿಸಿ, ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ನೋಡಿದೆವು. ಉತ್ತರಿಸಿದ್ದೆಲ್ಲ ಬಹುತೇಕ ಸರಿ ಇತ್ತು. ಆದರೆ ನಡುನಡುವೆ 'ನಾಟ್ ಆನ್ಸರ್ಡ್' ಅಂತ ಸಾಲುಸಾಲು. ಅದರಲ್ಲಿ ತೀರಾ ಸುಲಭದವೂ ಇದ್ದವು.

"ಇದನ್ನ ಯಾಕೋ ಬಿಟ್ಟೆ? ನಿಂಗೆ ಬರುತ್ತಲ್ಲ."

"ಬಿಟ್ಟಿಲ್ಲ ಮೇಡಂ. ಒತ್ತಿದೆ. ಬೀಳ್ಲಿಲ್ಲ."

"ಬೀಳ್ಲಿಲ್ಲ ಅಂದ್ರೆ?"

ಅವನು ತೋರುಬೆರಳಿನಿಂದ ಮೇಜನ್ನು ಒತ್ತಿ ತೋರಿಸಿದ. ಒಂದು ಸಲ, ಎರಡು ಸಲ, ಮೂರನೇ ಸಲ ಉಗುರು ಬಿಳಿಚುವಷ್ಟು ಗಟ್ಟಿಯಾಗಿ. ಮೌಸ್‌ನ ಎಡಗಡೆ ಬಟನ್ ಹಾಗೆ ಒತ್ತಿದರೆ ಮಾತ್ರ ಹಿಡಿಯುತ್ತಿತ್ತಂತೆ. ಆಯ್ಕೆ ಬಿತ್ತು ಅಂದುಕೊಂಡು ಮುಂದೆ ಹೋದರೆ ಬಲಗಡೆ ಆ ಪ್ರಶ್ನೆಯ ಸಂಖ್ಯೆ ಹಸಿರಾಗುವ ಬದಲು ಕೆಂಪಾಗಿರುತ್ತಿತ್ತು. ವಾಪಸ್ ಬರುವುದು, ಮತ್ತೆ ಒತ್ತುವುದು, ಮತ್ತೆ ಹೋಗುವುದು. ಕೊನೆಯ ಒಂದು ಗಂಟೆ ವಾಪಸ್ ಬರುವುದನ್ನೇ ಬಿಟ್ಟಿದ್ದ.

"ಕೈ ಎತ್ತಿ ಹೇಳ್ಬೇಕಿತ್ತಲ್ವಾ?"

ಸುಮಾರು ಹೊತ್ತು ಸುಮ್ನೆ ಕೂತ. ಆಮೇಲೆ ಹೇಳಿದ: "ನಾನೇ ಜೋರಾಗಿ ಒತ್ತಿ ಹಾಳು ಮಾಡ್ದೆ ಅಂದ್ಕೊಂಡೆ ಮೇಡಂ. ಹೇಳಿದ್ರೆ ದುಡ್ಡು ಕಟ್ಟು ಅಂತಾರೆ. ಅಪ್ಪ ಗೇಟ್ ಹತ್ರ ನಿಂತಿದ್ರು. ಅವ್ರ ಹತ್ರ ವಾಪಸ್ ಹೋಗೋ ಬಸ್ ಚಾರ್ಜ್ ಅಷ್ಟೇ ಇತ್ತು."

ಈ ಮಾತು ನನ್ನನ್ನು ತುಂಬಾ ದಿನ ಕಾಡಿದೆ. ಇಲ್ಲಿ ಭಯ ಇತ್ತು, ನಿಜ. ಅದು ಪರೀಕ್ಷೆಯ ಭಯ ಆಗಿರಲಿಲ್ಲ. ಕೇಳುತ್ತಾ ಹೋದಾಗ ಅದರ ಬೇರು ಸಿಕ್ಕಿತು. ಅವನು ಓದಿದ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಯಾವಾಗಲೂ ಬೀಗ. ಬಿಟ್ಟ ದಿನವೂ ಮೇಷ್ಟ್ರು ಮಾಡಿ ತೋರಿಸುತ್ತಾರೆ, ಮಕ್ಕಳು ಸುತ್ತ ನಿಂತು ನೋಡುತ್ತಾರೆ. ಮುಟ್ಟಿ ಹಾಳಾದರೆ ನಿಮ್ಮಪ್ಪ ಕಟ್ತಾನಾ ಅನ್ನುವ ಮಾತು ಪ್ರತಿ ಸಲ. ಪರೀಕ್ಷೆ ಹಾಲ್‌ನಲ್ಲಿ ಕೈ ಎತ್ತಿದರೆ ಬೈಗುಳ ಅನ್ನುವುದು ಇನ್ನೊಂದು ಪಾಠ. ಈ ಎರಡನ್ನೂ ಅವನು ಚೆನ್ನಾಗಿ ಕಲಿತಿದ್ದ, ಕಲಿತದ್ದನ್ನೇ ಅಲ್ಲಿ ಮಾಡಿದ. ಅವನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಕೆಟ್ಟ ಮೌಸ್ ಮುಂದೆ ಇನ್ನಷ್ಟು ಶಾಂತವಾಗಿ ಕೂತು ಬರುತ್ತಿದ್ದ ಅಷ್ಟೇ.

ನಾನು ಅವನಿಗೆ ಮೊದಲು ಹೇಳಿದ್ದು ಇದು. ಪರೀಕ್ಷೆಗೆ ಫೀಸು ಕಟ್ಟಿದ್ದೀಯ. ಕೆಲಸ ಮಾಡುವ ಸಿಸ್ಟಮ್ ಕೊಡುವುದು ಅವರ ಜವಾಬ್ದಾರಿ, ಕೇಳುವುದು ನಿನ್ನ ಹಕ್ಕು. ಕಂಪ್ಯೂಟರ್ ಅಥವಾ ಮೌಸ್ ಕೈಕೊಟ್ಟರೆ ಬೇರೆ ಸಿಸ್ಟಮ್ ಕೊಡುತ್ತೇವೆ, ಕಳೆದ ಸಮಯವನ್ನು ಸರಿಹೊಂದಿಸುತ್ತೇವೆ ಅಂತ ಎನ್‌ಟಿಎ ಮಾಹಿತಿ ಪುಸ್ತಿಕೆಯಲ್ಲೇ ಬರೆದಿದ್ದಾರೆ. ಆ ಸಾಲನ್ನು ತೆಗೆದು ಅವನಿಂದಲೇ ಜೋರಾಗಿ ಓದಿಸಿದೆ. ಮೌಸ್ ಅನ್ನುವ ಪದ ಬಂದಾಗ ಅವನು ತಲೆ ಎತ್ತಿ ನನ್ನ ಮುಖ ನೋಡಿದ.

ಎರಡನೆಯದು, ಕೈ ಎತ್ತುವ ಅಭ್ಯಾಸ. ನಾನು ಇನ್ವಿಜಿಲೇಟರ್ ಆದೆ. ಅವನು ಕೈ ಎತ್ತಿ "ಸರ್, ಮೌಸ್ ಕೆಲಸ ಮಾಡ್ತಿಲ್ಲ, ಬದಲಾಯಿಸಿಕೊಡಿ" ಅನ್ನಬೇಕು. ಮೊದಲ ಸಲ ಕೈ ಭುಜದವರೆಗೂ ಬರಲಿಲ್ಲ. ನಾನು ಬೇಕಂತಲೇ ಕೇಳಿಸದ ಹಾಗೆ ಇದ್ದೆ, ಒಮ್ಮೆ ಸಿಡುಕಿದೆ ಕೂಡ. ಸಿಡುಕಿದರೂ ಕೈ ಇಳಿಸದೆ ಮತ್ತೆ ಹೇಳುವವರೆಗೆ ಮಾಡಿಸಿದೆ.

ಮೂರನೆಯದು, ಮಾಕ್ ಟೆಸ್ಟ್, ಅಂದರೆ ಅಣಕು ಪರೀಕ್ಷೆ. ಎನ್‌ಟಿಎ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಇದೆ. ಮೊಬೈಲ್‌ನಲ್ಲಿ ಬೇಡ, ಸೈಬರ್ ಸೆಂಟರ್‌ಗೆ ಹೋಗಿ ದೊಡ್ಡ ಸ್ಕ್ರೀನ್ ಮುಂದೆ, ಪೂರ್ತಿ ಮೂರು ಗಂಟೆ, ಮೌಸ್ ಹಿಡಿದೇ ಮಾಡು ಅಂದೆ. ಇದನ್ನು ಎಲ್ಲ ಮಕ್ಕಳಿಗೂ ಹೇಳುತ್ತೇನೆ, ಯಾಕಂದರೆ ಒಎಂಆರ್‌ನಲ್ಲಿ ಇಲ್ಲದ ತೊಡಕುಗಳು ಇಲ್ಲಿವೆ. ಆಯ್ಕೆ ಒತ್ತಿದ ಮೇಲೆ 'ಸೇವ್ ಅಂಡ್ ನೆಕ್ಸ್ಟ್' ಒತ್ತಲೇಬೇಕು. ಒತ್ತದೆ ಬಲಗಡೆಯ ಸಂಖ್ಯೆ ಮೇಲೆ ಕ್ಲಿಕ್ ಮಾಡಿ ಬೇರೆ ಪ್ರಶ್ನೆಗೆ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ಉತ್ತರ ಸೇವ್ ಮಾಡಿ 'ಮಾರ್ಕ್ ಫಾರ್ ರಿವ್ಯೂ' ಇಟ್ಟರೆ ನೇರಳೆ ಬಣ್ಣದ ಜೊತೆ ಹಸಿರು ಗುರುತು ಬರುತ್ತದೆ, ಅದನ್ನು ಮೌಲ್ಯಮಾಪನಕ್ಕೆ ತೆಗೆದುಕೊಳ್ಳುತ್ತಾರೆ. ಒಂದೊಂದು ವಿಷಯದಲ್ಲಿ 25 ಪ್ರಶ್ನೆ, ಅದರಲ್ಲಿ 5 ಸಂಖ್ಯೆಯನ್ನೇ ಉತ್ತರವಾಗಿ ಕೊಡುವಂಥವು. ಆ ಸಂಖ್ಯೆಯನ್ನು ಸ್ಕ್ರೀನ್ ಮೇಲೆ ಕಾಣುವ ಕೀಪ್ಯಾಡ್‌ನಲ್ಲಿ ಮೌಸ್‌ನಿಂದಲೇ ಒತ್ತಬೇಕು, ಎದುರಿಗಿರುವ ಕೀಬೋರ್ಡ್ ಕೆಲಸಕ್ಕೆ ಬರುವುದಿಲ್ಲ, ಮುಟ್ಟಲೂ ಬೇಡಿ. ಬೇಗ ಮುಗಿದರೂ ಎದ್ದು ಬರುವ ಹಾಗಿಲ್ಲ. ಸಮಯ ಮುಗಿದಾಗ ಅದೇ ಸಬ್ಮಿಟ್ ಆಗುತ್ತದೆ.

ಸೆಂಟರ್ ಬಾಗಿಲಲ್ಲಿ ಏನಾಗುತ್ತದೆ ಅನ್ನುವುದನ್ನೂ ಹೇಳಿಯೇ ಕಳಿಸಿ. ಪರೀಕ್ಷೆಗೆ ಅರ್ಧ ಗಂಟೆ ಮುಂಚೆಯೇ ಸೆಂಟರ್ ಗೇಟ್ ಮುಚ್ಚುತ್ತದೆ, ಬೆಳಗಿನ ಶಿಫ್ಟ್ 9 ಗಂಟೆಗೆ ಅಂದರೆ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟರೂ ತಲುಪುವುದು ಕಷ್ಟ, ಹಿಂದಿನ ರಾತ್ರಿಯೇ ಆ ಊರಿನಲ್ಲಿರಿ. ಹಾಲ್ ಟಿಕೆಟ್, ಫೋಟೋ, ಒರಿಜಿನಲ್ ಗುರುತಿನ ಚೀಟಿ. ಮೆಟಲ್ ಡಿಟೆಕ್ಟರ್ ಹಿಡಿದು ತಪಾಸಣೆ ಮಾಡುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಹೊಲದಲ್ಲಿ ದುಡಿದು ಗೆರೆ ಸವೆದ ಬೆರಳು ಒಂದೇ ಸಲಕ್ಕೆ ಹಿಡಿಯದೆ ಹೋಗಬಹುದು, ಒರೆಸಿಕೊಂಡು ಮತ್ತೆ ಇಟ್ಟರಾಯಿತು. ಶೌಚಾಲಯಕ್ಕೆ ಹೋಗಿ ಬಂದರೆ ಮತ್ತೆ ತಪಾಸಣೆ, ಮತ್ತೆ ಬೆರಳಚ್ಚು. ಇದನ್ನೆಲ್ಲ ಮೊದಲೇ ಕೇಳಿದ್ದರೆ ನನ್ನನ್ನೇ ಯಾಕೆ ಅನುಮಾನದಿಂದ ನೋಡ್ತಿದಾರೆ ಅಂತ ಮಗುವಿಗೆ ಅನಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಹೇಳುವುದು ಇನ್ನೂ ಮುಖ್ಯ. ತಪಾಸಣೆಯ ಮುಜುಗರ ತಲೆಯಲ್ಲಿ ಇಟ್ಟುಕೊಂಡೇ ಮೊದಲ ಅರ್ಧ ಗಂಟೆ ಕಳೆದವರನ್ನು ನಾನು ನೋಡಿದ್ದೇನೆ.

ಆಪ್ತಸಲಹೆಗಾರರು ಮೌಸ್ ಹಿಡಿಯುವುದನ್ನೂ ಕಲಿಸಬೇಕಾ, ಅದು ಕಂಪ್ಯೂಟರ್ ಟೀಚರ್ ಕೆಲಸ ಅಲ್ವಾ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದಾರೆ. ನನ್ನ ನಿಲುವು ಸ್ಪಷ್ಟ. ಒಂದು ಮಗು ತನ್ನದಲ್ಲದ ತಪ್ಪನ್ನು ತನ್ನದು ಅಂದುಕೊಂಡು ಮೂರು ಗಂಟೆ ಬಾಯಿ ಬಿಡದೆ ಕೂತರೆ, ಅದು ನನ್ನ ಕೆಲಸವೇ. 'ಪರೀಕ್ಷೆ ಭಯ' ಅಂತ ಚೀಟಿ ಅಂಟಿಸಿದ ಕೂಡಲೇ ಎಲ್ಲವೂ ಮಗುವಿನ ತಲೆಯೊಳಗಿನ ದೋಷ ಆಗಿಬಿಡುತ್ತದೆ. ಶಾಲೆಯ ಬೀಗ, ಕೆಟ್ಟ ಮೌಸ್, ಖಾಲಿ ಜೇಬು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಿಜವಾಗಿಯೂ ಕೈಕಾಲು ನಡುಗುವ, ವಾಂತಿಯಾಗುವ, ನಿದ್ದೆ ಬಿಡುವ ಮಕ್ಕಳೂ ಬರುತ್ತಾರೆ. ಅವರಿಗೆ ಬೇರೆಯೇ ನೆರವು ಬೇಕು, ಕೆಲವರಿಗೆ ವೈದ್ಯರ ನೆರವೂ ಬೇಕು. ಆದರೆ ಅಲ್ಲಿ ಏನಾಯಿತು ಅಂತ ಕೇಳುವ ಮೊದಲೇ ಯಾರು ಯಾವ ಥರ ಅಂತ ತೀರ್ಮಾನ ಮಾಡಬೇಡಿ.

ಅಪ್ಪನನ್ನು ಒಳಗೆ ಕರೆದು ಹುಡುಗನೇ ಹೇಳಲಿ ಅಂತ ಬಿಟ್ಟೆ. ಅವರು ಪೂರ್ತಿ ಕೇಳಿದರು. "ಅಷ್ಟಕ್ಕೆ ಕೂತ್ಯೇನೋ, ಸಾಲ ಮಾಡಿಯಾದ್ರೂ ಕಟ್ತಿದ್ದೆ ಕಣೋ" ಅಂದರು. ಕಟ್ಟುವ ಅಗತ್ಯವೇ ಇಲ್ಲ ಅಂತ ಅವರಿಗೂ ಅದೇ ಪುಸ್ತಿಕೆಯ ಸಾಲು ತೋರಿಸಬೇಕಾಯಿತು.

ಹುಡುಗ ಜೆಇಇಯ ಎರಡನೇ ಸೆಷನ್ ಏಪ್ರಿಲ್‌ನಲ್ಲಿ ಬರೆದ. ಎರಡರಲ್ಲಿ ಹೆಚ್ಚು ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಎಷ್ಟು ಬಂತು ಅಂತ ಇಲ್ಲಿ ಹಾಕುವುದಿಲ್ಲ, ಅದು ಅವನ ವಿಷಯ. ಪರೀಕ್ಷೆ ಮುಗಿಸಿ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿದ್ದ. ಮೌಸ್ ಸರಿಯಾಗಿಯೇ ಇತ್ತಂತೆ. ಆದರೂ ಕೈ ಎತ್ತಿದೆ ಮೇಡಂ ಅಂದ, ಇನ್ನೊಂದು ರಫ್ ಶೀಟ್ ಕೇಳೋಕೆ. ಕೊಟ್ಟರಂತೆ.

ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಬರೆಯುವವರಿಗೂ ಇದೇ ಮಾತು, ಅದೂ ಕಂಪ್ಯೂಟರ್ ಮುಂದೆಯೇ ಕೂತು ಬರೆಯುವುದು, 180 ಪ್ರಶ್ನೆ, ಮೂರು ಗಂಟೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕೂತ ಕೂಡಲೇ, ಟೈಮರ್ ಶುರುವಾಗುವ ಮೊದಲೇ, ಮೌಸ್ ಆಡಿಸಿ ನೋಡಿ. ಸರಿಯಿಲ್ಲ ಅಂದರೆ ಆಗಲೇ ಹೇಳಿ.