ಸೇಜ್ ಗಿಡಕ್ಕೆ ಎರೆಮಣ್ಣು ಒಗ್ಗುವುದೇ?

ಪ್ರಶ್ನೆ: ಕಳೆದ ಫೆಬ್ರುವರಿಯಲ್ಲಿ ತಂದ ಸೇಜ್ ಸಸಿಯನ್ನು ಹಿತ್ತಲಿನ ಎರೆಮಣ್ಣಿನಲ್ಲಿ ನೆಟ್ಟು, ತುಳಸಿಗೆ ಹಾಕುವಂತೆ ದಿನವೂ ನೀರು ಹಾಕುತ್ತಿದ್ದೆ. ಬೇಸಿಗೆಯನ್ನು ಹೇಗೋ ದಾಟಿದ ಗಿಡ ಆಗಸ್ಟ್ ಮಳೆಯಲ್ಲಿ ಬುಡದಿಂದ ಕಪ್ಪಾಗಿ ಸತ್ತುಹೋಯಿತು. ನಮ್ಮ ಬಿಸಿಲು ಇದಕ್ಕೆ ಆಗುವುದಿಲ್ಲವೇ? ಬೆಳೆದರೆ ಅಡುಗೆಗೆ ಹೇಗೆ ಬಳಸಬೇಕು?
– ಓದುಗರೊಬ್ಬರು, ವಿಜಯಪುರ

ಉತ್ತರ: ನೀವು ಬಿಸಿಲನ್ನು ಶಂಕಿಸಿದ್ದೀರಿ, ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ಗಿಡ ಬೇರು ಕೊಳೆತು ಸತ್ತಂತೆ ತೋರುತ್ತದೆ. ತುಳಸಿ, ಪುದೀನಗಳ ಕುಟುಂಬಕ್ಕೇ ಸೇರಿದ್ದರೂ ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ನಮ್ಮಲ್ಲಿ ಸೆಕೆಯೂ ಮಳೆಯೂ ಜೊತೆಯಾಗಿ ಬರುತ್ತವೆ. ಅದರ ಮೇಲೆ ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಗಾಳಿಯಾಡುವ ಸಂದುಗಳನ್ನು ಮುಚ್ಚಿಕೊಂಡು, ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಹಿಂಗಾರಿ ಜೋಳವನ್ನು ಸಾಕುವ ಈ ಗುಣವೇ ಸೇಜ್‌ಗೆ ಮುಳುವಾಗುತ್ತದೆ.

ಆದ್ದರಿಂದ ದಸರೆ ಕಳೆದು ಮಳೆ ನಿಂತ ಮೇಲೆ, ತಳದಲ್ಲಿ ತೂತುಗಳಿರುವ 10–12 ಇಂಚಿನ ಮಣ್ಣಿನ ಕುಂಡದಲ್ಲಿ ಹೊಸ ಸಸಿಯನ್ನು ನೆಡಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ದಪ್ಪ ಉಸುಕು ಮತ್ತು ಒಂದೆರಡು ಹಿಡಿ ಹಳೆಯ ಗೊಬ್ಬರ ಸಾಕು. ಮಣ್ಣಿನಲ್ಲಿ ಸ್ವಲ್ಪ ಸುಣ್ಣದ ಅಂಶವಿದ್ದರೆ ಚಿಂತೆಯಿಲ್ಲ. ಬೆರಳನ್ನು ಒಂದು ಇಂಚು ಊರಿದಾಗ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನೆರಳೂ ಮಳೆಗಾಲದಲ್ಲಿ ಸೂರಿನ ಆಸರೆಯೂ ಬೇಕು. ಮಳೆ ಹೆಚ್ಚಿರುವ ಬೆಳಗಾವಿಯ ಓದುಗರಿಗೆ ಈ ಕೊನೆಯ ಮಾತು ಇನ್ನಷ್ಟು ಅನ್ವಯಿಸುತ್ತದೆ. ಮೂರು ನಾಲ್ಕು ವರ್ಷಗಳಲ್ಲಿ ಕಾಂಡ ಕಟ್ಟಿಗೆಯಂತಾಗಿ ಎಲೆ ಕಡಿಮೆಯಾಗುವುದರಿಂದ, ಅಷ್ಟರೊಳಗೆ ಎಳೆಯ ತುದಿಗಳನ್ನು ಕತ್ತರಿಸಿ ಉಸುಕಿನಲ್ಲಿ ಊರಿ ಹೊಸ ಗಿಡ ಮಾಡಿಕೊಳ್ಳಿ.

ಅಡುಗೆಯಲ್ಲಿ ಇದನ್ನು ಕೊತ್ತಂಬರಿಯಂತೆ ಹಸಿಯಾಗಿ ಉದುರಿಸಿದರೆ ಕರ್ಪೂರದಂಥ ಘಾಟು ಬಾಯಿಗೆ ಹಿಡಿಯುತ್ತದೆ. ನಾಲ್ಕೈದು ಎಲೆಗಳನ್ನು ತುಪ್ಪದಲ್ಲಿ ಗರಿಗರಿಯಾಗಿ ಹುರಿದು ಬಟಾಟಿ ಪಲ್ಯದ ಮೇಲೆ ಪುಡಿಮಾಡಿ ಹಾಕಿ, ಇಲ್ಲವೇ ದೊಡ್ಡಪತ್ರೆಯಂತೆ ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯಿರಿ. ಜುಣಕಕ್ಕೂ ಹಾಕಿ ನೋಡಿದ್ದೇನೆ, ನನಗೆ ರುಚಿಸಲಿಲ್ಲ. ನೆರಳಿನಲ್ಲಿ ಒಣಗಿಸಿದ ಎಲೆಯ ವಾಸನೆ ಇನ್ನೂ ಗಾಢವಾಗಿರುವುದರಿಂದ ಕಡಿಮೆ ಬಳಸಿ. ಇದರಲ್ಲಿ ಥುಜೋನ್ ಎಂಬ ಅಂಶವಿರುವುದರಿಂದ ಗರ್ಭಿಣಿಯರೂ ಮೂರ್ಛೆರೋಗ ಇರುವವರೂ ಇದರ ಕಷಾಯ, ಎಣ್ಣೆಗಳನ್ನು ಸೇವಿಸಬಾರದು.

ಸಸಿ ಕೊಳ್ಳುವಾಗ ಎಲೆಯನ್ನು ಉಜ್ಜಿ ಮೂಸಿ ನೋಡಿ. ನರ್ಸರಿಗಳಲ್ಲಿ ಸಾಲ್ವಿಯಾ ಎಂದು ಮಾರುವ ಕೆಂಪು ಹೂವಿನ ಗಿಡ ಇದೇ ಕುಲದ್ದಾದರೂ ಅಂದಕ್ಕೆ ಬೆಳೆಸುವಂಥದ್ದು. ಅಡುಗೆಯ ಸೇಜ್‌ನ ಎಲೆ ಬೂದುಹಸಿರಾಗಿ, ಮುಟ್ಟಿದರೆ ಮಖಮಲ್ಲಿನಂತಿರುತ್ತದೆ.